ನಾಡಿ ಲೆಕ್ಕ

ಲಗ್ಗೆರೆಯ ನಮ್ಮ ಶಾಲೆಗೆ ಮೈದಾನವಿಲ್ಲ.
ಎರಡು ಬೇವಿನ ಮರ, ನಡುವೆ ಅಂಗಳ,
ಅದರಲ್ಲೂ ಅರ್ಧ ಬಿಸಿಯೂಟದ ಸಿಲಿಂಡರಿಗೆ,
ಕಾಲು ಹೆಡ್‌ಮಾಸ್ಟರ ಸ್ಕೂಟರಿಗೆ.
ಶುಕ್ರವಾರದ ಮೂರನೇ ಪೀರಿಯಡ್ಡು ಆಟದ್ದು.
ಗಣಿತದ ಮೇಷ್ಟ್ರು ಸಾಲ ಕೇಳುತ್ತಾರೆ,
ಇವತ್ತಿನವರೆಗೆ ತೀರಿಸಿದ್ದಿಲ್ಲ.

ಆ ವಾರ ನಾನು ಕೊಡಲಿಲ್ಲ.
ಆರೋಗ್ಯದ ಪಾಠ ತೆಗೆಸಿದೆ.
ದಿನವೂ ವ್ಯಾಯಾಮ ಮಾಡಬೇಕು,
ಸೊಪ್ಪು ತಿನ್ನಬೇಕು, ಎಂಟು ಗಂಟೆ ಮಲಗಬೇಕು.
ಮಕ್ಕಳು ರಾಗವಾಗಿ ಓದಿದರು.
ಬೇಕು ಬೇಕು ಎಂಬುದಷ್ಟೇ
ಗೋಡೆಗೆ ಬಡಿದು ವಾಪಸು ಬಂತು.

ಪುಸ್ತಕ ಮುಚ್ಚಿ ಅಂದೆ.
ಹೆಬ್ಬೆರಳ ಬುಡದಿಂದ ಕೆಳಗೆ, ಮಣಿಕಟ್ಟಿನ ಒಳಮೈ,
ಎರಡು ಬೆರಳು ಹಗೂರ ಇಡಿ.
ಒತ್ತಬೇಡಿ. ಕಾಯಿರಿ.
ಮೂವತ್ತೆಂಟು ಮಕ್ಕಳು ಒಟ್ಟಿಗೆ ಸುಮ್ಮನಾದದ್ದು
ನನ್ನ ಹದಿನೇಳು ವರ್ಷದ ನೌಕರಿಯಲ್ಲಿ ಅದೇ ಮೊದಲು.
"ಮಿಸ್, ಒಳಗೆ ಯಾರೋ ಅವ್ರೆ!"
ಹಿಂದಿನ ಬೆಂಚಿನ ಚೌಡೇಶ.

ಅಂಗಳಕ್ಕೆ ಬಿಟ್ಟೆ. ಸಿಲಿಂಡರು ಸುತ್ತಿ ಹತ್ತು ಸಲ ಓಡಿ,
ಮತ್ತೆ ಎಣಿಸಿದರು.
ಒಳಗಿದ್ದವರು ಯಾರೋ, ಬಾಗಿಲು ಬಡಿಯುತ್ತಿದ್ದರು.
ಮನೆಯಲ್ಲಿ ಮೂರು ಜನರ ನಾಡಿ ಬರೆದು ತನ್ನಿ ಅಂದೆ.

ಸೋಮವಾರ ಬಂದ ನೋಟುಬುಕ್ಕುಗಳು:

ಶಾಯಿಸ್ತಾ: ಅಬ್ಬಾ, ಆಟೋ ನಿಲ್ಲಿಸಿದಾಗ ಎಂಬತ್ತಾರು.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನೂರಾ ನಾಲ್ಕು.

ಚೌಡೇಶ: ಅಜ್ಜಿ ಕೈ ಕೊಡಲಿಲ್ಲ.
ನಾಡಿ ನೋಡಕ್ಕೆ ನೀನೇನು ಪಂಡಿತನೇನೋ ಅಂತ ಬೈದಳು.
ಬೈಯುವಾಗ ಆರೋಗ್ಯವಾಗಿದ್ದಳು.

ಸೆಲಿನ್: ಅಮ್ಮ, ಗಾರ್ಮೆಂಟ್ಸಿಂದ ಬಂದ ಮೇಲೆ, ಎಂಬತ್ತೆಂಟು.
ಕಾಲು ಊದಿದೆ. ಅದನ್ನು ಎಣಿಸೋದು ಹೇಗೆ ಮಿಸ್?

ನಾಗವೇಣಿಯದು ಪೆನ್ಸಿಲ್ಲಿನಲ್ಲಿ:
ಅವ್ವ ಐದು ಗಂಟೆಗೇ ರೋಡಿಗೆ ಹೋಗ್ತಾಳೆ, ನಾನೂ ಹೋದೆ.
ಪೊರಕೆ ಕಂಕುಳಿಗೆ ಸಿಕ್ಕಿಸಿ ಕೈ ಕೊಟ್ಟಳು.
ಅರ್ಧ ನಿಮಿಷಕ್ಕೆ ಐವತ್ತಾರು. ಮೇಸ್ತ್ರಿ ಬಂದರು, ಬಿಟ್ಟುಬಿಟ್ಟೆ.
ಎರಡರಿಂದ ಗುಣಿಸಿಕೊಳ್ಳಿ.
ಪಾರ್ಕಿನಲ್ಲಿ ಶೂ ಹಾಕಿಕೊಂಡವರು ಸುತ್ತುತ್ತಾ ಇದ್ದರು.
ಅವ್ವನದೂ ವ್ಯಾಯಾಮವಾ ಮಿಸ್?

ಗುಣಾಕಾರ ಗಣಿತದ ಮೇಷ್ಟ್ರು ಮಾಡಿದರು,
ಹೆಗಲ ಮೇಲಿಂದ ಇಣುಕಿ, ಕೇಳದೆಯೇ.
ಆಮೇಲೆ ಅವರೂ ಏನೂ ಅನ್ನಲಿಲ್ಲ.
ನಾನು ಕೆಂಪು ಪೆನ್ನಿನಲ್ಲಿ ಬರೆದೆ: ಅದು ದುಡಿಮೆ.
ವ್ಯಾಯಾಮವೆಂದರೆ ಮೈ ತಾನಾಗಿ ಕೇಳಿದ್ದು.
ಹೊಡೆದುಹಾಕಿದೆ.
ಮೈಯನ್ನು ಯಾರು ಯಾವಾಗ ಕೇಳಿದ್ದಾರೆ?

ಶನಿವಾರ ತಾಯಂದಿರ ಸಭೆ.
ರಕ್ತಹೀನತೆ, ಕಬ್ಬಿಣದ ಮಾತ್ರೆ, ಬೆಲ್ಲ ನುಗ್ಗೆಸೊಪ್ಪು ಎಲ್ಲ ಹೇಳಿದೆ.
ಮುಂದೆ ಕೂತವರು ಆಕಳಿಸಿದರು.
ಹೊರಗೆ ಹುಡುಗಿಯರು ಕುಂಟೆಬಿಲ್ಲೆಗೆ ಗೆರೆ ಎಳೆದಿದ್ದರು.
ಹೊರಡುವಾಗ ನಾಗವೇಣಿಯ ಅವ್ವ, ಮುನಿತಾಯಮ್ಮ,
ಗೆರೆಯ ಹತ್ತಿರ ನಿಂತಳು. ಯಾರೂ ಕರೆದಿರಲಿಲ್ಲ.
ಚಪ್ಪಲಿ ಬಿಟ್ಟಳು. ಹೆಂಚಿನ ಚೂರು ಎಸೆದಳು.
ಒಂದು ಕಾಲಲ್ಲಿ ಮೂರು ಮನೆ,
ನಾಲ್ಕನೆಯದರಲ್ಲಿ ನಗು ಬಂದು ಬಿದ್ದಳು.
ಎದೆಗೆ ಕೈ. ಏದುಸಿರು.
ಮಗಳು ಓಡಿಬಂದು ಮಣಿಕಟ್ಟು ಹಿಡಿದಳು,
ಹದಿನೆಂಟಕ್ಕೇ ಅವ್ವ ಕೈ ಕಿತ್ತುಕೊಂಡಳು,
"ಇರೇ, ನನ್ನದು ಇನ್ನೊಂದು ಸಲ ಐತೆ."

ನನ್ನ ನಾಡಿ ನಾನು ಎಣಿಸಿರಲೇ ಇಲ್ಲ.
ಪಿ.ಟಿ. ಹೇಳಿಕೊಡುವುದು ಕುರ್ಚಿಯಲ್ಲಿ,
ವಿಷಲ್ಲು ಊದಲು ಎದ್ದು ನಿಲ್ಲಬೇಕಿಲ್ಲ.
ಮಂಡಿಗೆ ಎಣ್ಣೆ ಹಚ್ಚುವುದು ರಾತ್ರಿ, ಯಾರಿಗೂ ಹೇಳದೆ.
"ಮಿಸ್ಸೂ ಬರಲಿ" ಎಂದಳು ಮುನಿತಾಯಮ್ಮ.
ಅವಳ ಅಂಗೈಯಲ್ಲಿ ಹೆಂಚಿನ ಚೂರು ಬೆಚ್ಚಗಿತ್ತು.

ಸೆರಗು ಸಿಕ್ಕಿಸಿದೆ.
ಎಸೆದೆ.
ಬಿಲ್ಲೆ ಗೆರೆಯ ಮೇಲೇ ಬಿತ್ತು.
ಔಟ್ ಔಟ್ ಎಂದು ಮೂವತ್ತೆಂಟು ಗಂಟಲು,
ಅದರಲ್ಲಿ ಗಣಿತದ ಮೇಷ್ಟ್ರದೂ ಒಂದು ಸೇರಿತ್ತು.